ಕಂಪ್ಯೂಟರ್ ಕೋಣೆಯ ಕುರ್ಚಿ

ಹೊಳೆದಂಡೆಯ ಆಶ್ರಮ ಶಾಲೆಯಲ್ಲಿ ಊಟವಾದ ಮೇಲೆ ಸ್ವಲ್ಪ ಹೊತ್ತು ಬಿಡುವು. ಆಗ ಮಕ್ಕಳು ಕಂಪ್ಯೂಟರ್ ಕೋಣೆಯಲ್ಲಿ ಆಟವಾಡಬಹುದಿತ್ತು.

ಕಾರು ಓಡಿಸುವ ಆಟದಲ್ಲಿ ಇಂದುಧರನನ್ನು ಮೀರಿಸುವವರಿರಲಿಲ್ಲ. ಅವನು ಕೂತರೆ ಉಳಿದವರೆಲ್ಲ ಬೆನ್ನ ಹಿಂದೆ ಮುತ್ತಿಕೊಳ್ಳುತ್ತಿದ್ದರು.

ಆ ವರ್ಷ ಮರುಳಸಿದ್ಧ ಎಂಬ ಹುಡುಗ ಬಂದು ಸೇರಿದ. ಕೆಲವೇ ದಿನಗಳಲ್ಲಿ ಅವನು ಆಟದಲ್ಲಿ ಇಂದುಧರನನ್ನೂ ಮೀರಿಸಿದ; ಗುಂಪು ಅವನ ಬೆನ್ನ ಹಿಂದೆ ಹೋಯಿತು.

ಇಂದುಧರನಿಗೆ ಅನ್ನ ಸೇರದಾಯಿತು. ಮರುಳಸಿದ್ಧನ ನಗು ಕೇಳಿದರೂ ಮೈ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಮರುಳಸಿದ್ಧ ಇನ್ನೇನು ಗೆಲ್ಲಬೇಕು, ಇಂದುಧರ ಮೇಜಿನ ಕೆಳಗೆ ಕಾಲು ಚಾಚಿ ವೈರ್ ಕಿತ್ತ. ಪರದೆ ಕಪ್ಪಾಯಿತು.

"ಕರೆಂಟ್ ಹೋಯ್ತಲ್ಲೋ!" ಎಂದು ಮರುಳಸಿದ್ಧ ನಕ್ಕ. ಎದ್ದು ಕುರ್ಚಿ ಬಿಟ್ಟುಕೊಟ್ಟ. "ಬಂದ್ರೆ ನೀನು ಆಡು, ಇಂದು. ನಾನು ಆಗ್ಲಿಂದ ಆಡ್ತಾನೇ ಇದೀನಿ."

ಅದಕ್ಕೂ ಇಂದುಧರನಿಗೆ ಉರಿಯಿತು. ನೆಟ್ಟಗೆ ಆಶ್ರಮದ ಗುರುಗಳ ಬಳಿ ಹೋದ.

"ಬುದ್ಧಿ, ಆ ಆಟ ನಿಲ್ಲಿಸಿಬಿಡಿ. ಹುಡುಗ್ರು ಹಾಳಾಗ್ತಿದಾರೆ."

"ಯಾವ ಹುಡುಗ?"

ಇಂದುಧರ ತಲೆ ತಗ್ಗಿಸಿದ. ವೈರ್ ಕಿತ್ತದ್ದನ್ನು ಹೇಳಿದ.

"ಅವನನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ ಬುದ್ಧಿ. ಏನು ಮಾಡ್ಲಿ?"

ಗುರುಗಳು ಅವನ ತಲೆ ಸವರಿ ತರಗತಿಗೆ ಕಳಿಸಿದರು.

ಮರುದಿನ ಬಿಡುವಿನ ಹೊತ್ತಿಗೆ ಅವರೇ ಕಂಪ್ಯೂಟರ್ ಕೋಣೆಗೆ ಬಂದರು. ಕಾವಿ ಸರಿಪಡಿಸಿಕೊಂಡು ಕುರ್ಚಿಯಲ್ಲಿ ಕೂತರು.

"ಇಂದುಧರ, ನನಗೂ ಕಲಿಸು."

ಗುರುಗಳ ಕಾರು ಗೋಡೆಗೆ ಗುದ್ದಿತು. ಕೆರೆಗೆ ಬಿತ್ತು. ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕರು. ಗುರುಗಳು ಬಾಯಿ ಬಿಟ್ಟೇ ನಕ್ಕರು.

ಇಂದುಧರ ಮಾತ್ರ ನಗಲಿಲ್ಲ. ಪಕ್ಕದಲ್ಲಿ ನಿಂತು ಬೆವರಿದ.

"ಎಡಕ್ಕೆ ಬುದ್ಧಿ, ಎಡಕ್ಕೆ! ಈಗ ಬ್ರೇಕ್ ಒತ್ತಿ!"

ಕೊನೆಗೂ ಕಾರು ಸೇತುವೆ ದಾಟಿ ಗುರಿ ಮುಟ್ಟಿತು. ಇಂದುಧರ ಕುಣಿದು ಚಪ್ಪಾಳೆ ತಟ್ಟಿದ.

ಗುರುಗಳು ಅವನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ನಾನು ಗೆದ್ರೆ ನಿನಗೆ ಉರಿಯಲಿಲ್ವಾ?"

"ಯಾಕೆ ಉರೀಬೇಕು ಬುದ್ಧಿ? ಕಲಿಸಿದೋನು ನಾನಲ್ವಾ?"

"ಖುಷಿ ಆಯ್ತಾ?"

"ಬಹಳ."

ಮರುಳಸಿದ್ಧ ಕಿಟಕಿಯ ಬಳಿ ನಿಂತು ನೋಡುತ್ತಿದ್ದ. ಗುರುಗಳು ಕುರ್ಚಿಯಿಂದ ಎದ್ದರು.

"ಹೋಗು, ವೈರ್ ಕಿತ್ತೋನು ನಾನು ಅಂತ ಅವನಿಗೆ ಹೇಳು. ಆಮೇಲೆ, ನಿನ್ನ ಹಾಗೆ ಆಡೋದು ನನಗೂ ಕಲಿಸು ಅಂತ ಅವನನ್ನೇ ಕೇಳು. ಕಲಿಸೋ ಈ ಖುಷಿ ಅವನಿಗೂ ಸಿಗಲಿ."