ಓರೆಸ್ತೆ ಮನೆಯ ಕೆಂಪು ವೈನು

"ಗುರುಗಳೇ, ಯಾವುದು ಸರಿ, ಯಾವುದು ತಪ್ಪು ಎಂದು ನಿಮಗೆ ಗೊತ್ತಿದೆ. ನಾನು ನಿಮ್ಮನ್ನು ನಂಬಿದ್ದೇನೆ. ಅಷ್ಟು ಸಾಲದೆ? ನಾನೇ ಬೇರೆಯಾಗಿ ತಿಳಿಯಬೇಕೆ?" ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು, "ಒಂದು ವೈನಿನ ಕತೆ ಹೇಳುತ್ತೇನೆ" ಎಂದರು. ಚನ್ನವೀರ ಮುಖ ಸಿಂಡರಿಸಿದ.

"ಏನಯ್ಯಾ, ಮಠದಲ್ಲಿ ಕೂತು ಹೆಂಡದ ಮಾತೇ ಅನ್ನುತ್ತೀಯಾ? ಕುಡಿ ಎನ್ನಲಿಲ್ಲ, ಕೇಳು ಎಂದೆ" ಎಂದು ಗದರಿ, ಶುರು ಮಾಡಿದರು.

ಇಟಲಿ ದೇಶದ ಒಂದು ಗುಡ್ಡದ ಮೇಲೆ ಓರೆಸ್ತೆ ಎಂಬ ದ್ರಾಕ್ಷಿ ತೋಟದ ಯಜಮಾನನಿದ್ದ. ಅವನ ಮನೆಯವರು ತಲೆತಲಾಂತರದಿಂದ ಕೆಂಪು ವೈನು ಮಾಡಿದವರು. ಅದಕ್ಕೆ ಎಂಥ ಹೆಸರೆಂದರೆ, ಆ ಮನೆಯ ಬಾಟಲಿ ಬರದೆ ಸುತ್ತಲಿನ ಊರುಗಳಲ್ಲಿ ಮದುವೆಯ ಊಟಕ್ಕೆ ಎಲೆ ಹಾಕುತ್ತಿರಲಿಲ್ಲ. ಅವರಲ್ಲಿ ಎಲೆ ಎಲ್ಲಿಂದ ಬರಬೇಕು, ತಟ್ಟೆ ಇಡುತ್ತಿರಲಿಲ್ಲ ಅನ್ನು.

ವೈನು ಪೀಪಾಯಿಯಲ್ಲಿ ವರ್ಷಗಟ್ಟಲೆ ಇರಬೇಕು. ಪೀಪಾಯಿಯ ಮರ ಅದನ್ನು ಸ್ವಲ್ಪಸ್ವಲ್ಪವೇ ಹೀರುತ್ತದೆ. ಹೀರಿದಷ್ಟನ್ನು ಮತ್ತೆ ತುಂಬಿಸುತ್ತಿರಬೇಕು. ಬಿಟ್ಟರೆ ಗಾಳಿ ಸೇರಿ ಒಳಗಿನದೆಲ್ಲ ಹುಳಿಯಾಗುತ್ತದೆ. ಯಾವುದು ಹದಕ್ಕೆ ಬಂತು, ಯಾವುದು ಕೆಟ್ಟಿತು ಎಂದು ತೀರ್ಮಾನಿಸುವವನು ಯಜಮಾನ ಒಬ್ಬನೇ. ಅದಕ್ಕೊಂದು ಕಟ್ಟಳೆಯಿತ್ತು. ಯಜಮಾನನೂ ಅವನ ನಂತರ ಮನೆ ನಡೆಸುವವರೂ ನೆಲಮಾಳಿಗೆಗೆ ಇಳಿದು, ಒಂದೇ ಪೀಪಾಯಿಯಿಂದ ಒಂದೊಂದು ಗುಟುಕು ಕುಡಿಯಬೇಕು. ತುಟಿಪಿಟಕ್ಕೆನ್ನುವಂತಿಲ್ಲ. ಯಜಮಾನ ತಲೆಯಾಡಿಸಿದರೆ ಆ ವೈನು ಬಾಟಲಿಗೆ, ಇಲ್ಲದಿದ್ದರೆ ಮೋರಿಗೆ. ಅಲ್ಲಿ ಮಾತಾಡಿದರೆ ನಾಲಿಗೆ ಕೆಡುತ್ತದೆ ಎಂದು ಯಾವನೋ ಹಿರಿಯ ಹೇಳಿ ಹೋಗಿದ್ದ.

ಓರೆಸ್ತೆ ತನ್ನ ಅಪ್ಪನ ಮುಂದೆ ಹಾಗೆಯೇ ಬಾಯಿ ಮುಚ್ಚಿ ನಿಂತು ಕಲಿತವನು. ಈಗ ಅವನ ಮುಂದೆ ಮಗಳು ಲೀವಿಯಾ ನಿಲ್ಲುತ್ತಿದ್ದಳು. ಒಬ್ಬಳೇ ಮಗಳು. ಮನೆಯ ಹೆಸರು ಅವಳ ಕೈಯಲ್ಲಿ ಉಳಿಯಬೇಕು ಎಂಬುದೊಂದೇ ಅವನಿಗಿದ್ದ ಆಸೆ.

ಒಂದು ಚಳಿಗಾಲ ಓರೆಸ್ತೆಗೆ ಜ್ವರ ಬಂತು. ಬಂದ ಜ್ವರ ಬಿಟ್ಟಿತು, ಆದರೆ ಬರಿಗೈಯಲ್ಲಿ ಹೋಗಲಿಲ್ಲ. ಅವನ ವಾಸನೆ, ರುಚಿ ಎರಡನ್ನೂ ಹೊತ್ತುಕೊಂಡು ಹೋಯಿತು. ರೊಟ್ಟಿ ತಿಂದರೆ ರಟ್ಟು ತಿಂದಂತೆ. ವೈನು ಕುಡಿದರೆ ತಣ್ಣೀರು. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದ. ಬರಲಿಲ್ಲ.

ಹೇಳಬಹುದಿತ್ತಲ್ಲ? ಹೇಳಲಿಲ್ಲ, ಪುಣ್ಯಾತ್ಮ. ಯಜಮಾನನಿಗೇ ರುಚಿ ತಿಳಿಯದು ಎಂದರೆ ಆ ಮನೆಯ ವೈನನ್ನು ಯಾರು ಮೂಸಿ ನೋಡುತ್ತಾರೆ? ಮಗಳ ಗತಿ ಏನು? ಹೆದರಿದ. ಹೆದರಿಕೊಂಡೇ ನೆಲಮಾಳಿಗೆಗೆ ಇಳಿದ. ಇಬ್ಬರೂ ಗುಟುಕು ಕುಡಿದರು. ಓರೆಸ್ತೆ ಕದ್ದು ಮಗಳ ಮುಖ ನೋಡಿದ. ಮುಖ ತಿಳಿಯಾಗಿತ್ತು. ತಲೆಯಾಡಿಸಿದ. ಮುಂದಿನ ಪೀಪಾಯಿಗೂ ಹಾಗೆಯೇ ಮಾಡಿದ. ಇಷ್ಟು ವರ್ಷ ಕಲಿಸಿದ್ದೇನೆ, ಅವಳ ನಾಲಿಗೆ ಎಂದರೆ ನನ್ನ ನಾಲಿಗೆಯೇ ಎಂದು ಸಮಾಧಾನ ಮಾಡಿಕೊಂಡ. ಕೆಲವು ವರ್ಷ ಹೇಗೋ ನಡೆಯಿತು.

ಒಂದು ವರ್ಷ ಬಾಟಲಿಗಳು ಊರೂರಿಗೆ ಹೋದ ಸ್ವಲ್ಪ ದಿನಕ್ಕೇ ಒಬ್ಬ ವ್ಯಾಪಾರಿ ಗಾಡಿ ಕಟ್ಟಿಕೊಂಡು ಬಂದ. ಅಜ್ಜನ ಕಾಲದಿಂದಲೂ ಈ ಮನೆಯ ವೈನನ್ನೇ ಮಾರಿದ ಮನೆತನದವನು. ಬೈಯಲಿಲ್ಲ, ಕೂಗಾಡಲಿಲ್ಲ. ಒಂದು ಬಾಟಲಿಯ ಬಿರಡೆ ತೆಗೆದು, ಲೋಟಕ್ಕೆ ಬಗ್ಗಿಸಿ, ಓರೆಸ್ತೆಯ ಮುಂದಿಟ್ಟ. ಲೀವಿಯಾ ಹೊರಗೆ ತೋಟದಲ್ಲಿದ್ದಳು. ವ್ಯಾಪಾರಿಯ ಮುಖದಿಂದ ಏನೂ ತಿಳಿಯುವಂತಿರಲಿಲ್ಲ. ಓರೆಸ್ತೆ ಲೋಟ ಎತ್ತಿಕೊಂಡ. ಕುಡಿದ. ಅಭ್ಯಾಸಬಲದಿಂದ ತಲೆಯಾಡಿಸಿ, "ನಮ್ಮ ಮನೆಯದೇ. ಚೆನ್ನಾಗಿದೆ" ಎಂದ.

"ಯಜಮಾನರೇ, ಇದು ಹುಳಿ ಹಿಡಿದುಹೋಗಿದೆ. ಮದುವೆ ಮನೆಯಲ್ಲಿ ಬೀಗರು ಬಾಯಿಗಿಟ್ಟು ಉಗಿದರು. ನಿಮಗೆ ಗೊತ್ತಾಗುತ್ತಿಲ್ಲವೇ?" ಎಂದ ವ್ಯಾಪಾರಿ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಮರುಕವಿತ್ತು. ಬಾಟಲಿಗಳನ್ನೆಲ್ಲ ಅಂಗಳದಲ್ಲಿ ಇಳಿಸಿ ಹೊರಟುಹೋದ.

ಓರೆಸ್ತೆ ಮಗಳನ್ನು ಕರೆದ. "ಹುಳಿಯಾದದ್ದು ನಿನಗೂ ತಿಳಿಯಲಿಲ್ಲವೇನೇ?"

"ತಿಳಿಯಿತು ಅಪ್ಪಾ. ಆದರೆ ನಿಮ್ಮ ಮುಖ ನೋಡಿದೆ. ಏನೂ ಆಗದವರ ಹಾಗೆ ಇದ್ದಿರಿ. ನನ್ನ ನಾಲಿಗೆಯೇ ಕೆಟ್ಟಿರಬೇಕು ಅಂದುಕೊಂಡು ನುಂಗಿಬಿಟ್ಟೆ."

ಅವನು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡ. ಜ್ವರದ ಸಂಗತಿಯನ್ನೆಲ್ಲ ಆಗ ಬಾಯಿಬಿಟ್ಟ. ಹೇಳಿದ ಮೇಲೂ ಅವನಿಗೆ ಒಂದಿಷ್ಟು ಆಸೆ ಉಳಿದಿತ್ತು, ಪಾಪ. ತನ್ನ ನಾಲಿಗೆ ಹೋದರೇನು, ಮಗಳದು ನೆಟ್ಟಗಿದೆಯಲ್ಲ! ಅವಳ ಕೈಹಿಡಿದು ನೆಲಮಾಳಿಗೆಗೆ ಕರೆದೊಯ್ದ. ಕಟ್ಟಳೆ ಹಾಳಾಗಿ ಹೋಗಲಿ, ಇನ್ನು ನೀನೇ ಕುಡಿದು ನೀನೇ ಬಾಯಿಬಿಟ್ಟು ಹೇಳು ಎಂದ.

ಲೀವಿಯಾ ಒಂದು ಗುಟುಕು ಕುಡಿದಳು. ಹೇಳಲೆಂದು ಬಾಯಿ ತೆರೆದಳು. ಆದರೆ ಅವಳ ಕಣ್ಣು ಮೇಲೆದ್ದು ಅಪ್ಪನ ಮುಖವನ್ನು ಹುಡುಕಿತು. ಓರೆಸ್ತೆ ತಟಕ್ಕನೆ ಗೋಡೆಯ ಕಡೆ ತಿರುಗಿ ನಿಂತ. ಬೆನ್ನ ಹಿಂದೆ ಲೋಟವನ್ನು ನೆಲಕ್ಕಿಟ್ಟ ಸದ್ದು ಕೇಳಿತು.

"ನಾಲಿಗೆ ಏನೋ ಹೇಳುತ್ತಿದೆ ಅಪ್ಪಾ. ನಂಬಲಿಕ್ಕೆ ಧೈರ್ಯವಾಗುತ್ತಿಲ್ಲ."

ಓರೆಸ್ತೆ ಗೋಡೆಗೆ ಹಣೆಯಿಟ್ಟು ಅತ್ತ. ಜ್ವರ ತನ್ನ ರುಚಿಯನ್ನಷ್ಟೇ ಕೊಂಡೊಯ್ದಿತ್ತು, ಮಗಳದನ್ನು ತಾನೇ ಎಂದೋ ಕೊಂದಿದ್ದೆ ಎಂದು ಅವನಿಗೆ ಆಗ ತಿಳಿಯಿತು. ಅಲ್ಲಿ ಒಳ್ಳೆಯ ಪೀಪಾಯಿಗಳೂ ಇದ್ದವು, ಕೆಟ್ಟವೂ ಇದ್ದವು. ಯಾವುದು ಯಾವುದೆಂದು ಹೇಳುವವರಿರಲಿಲ್ಲ. ಅಪ್ಪ ಮಗಳು ಸೇರಿ ಅಷ್ಟನ್ನೂ ಮೋರಿಗೆ ಸುರಿದರು. ಮರುವರ್ಷ ಆ ಮನೆಯಲ್ಲಿ ಯಾರೂ ದ್ರಾಕ್ಷಿ ಕೊಯ್ಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ನಿಟ್ಟುಸಿರು ಬಿಟ್ಟು, "ಅಯ್ಯೋ, ಕುರುಡ ಕುರುಡನ ಕೈ ಹಿಡಿದ ಹಾಗಾಯಿತು. ಸದ್ಯ, ನಮಗೆ ಆ ಭಯವಿಲ್ಲ. ನಿಮಗೆ ಎಲ್ಲ ಕಾಣುತ್ತದೆ" ಎಂದ.

"ಕತೆಯುದ್ದಕ್ಕೂ ನೀನು ನನ್ನ ಮುಖ ನೋಡುತ್ತಿದ್ದೆ, ಸರಿ, ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆನಲ್ಲ, ಅದು ಏಕೆ ಎಂದು ಕೇಳಿದೆಯಾ ಮಗು?" ಎಂದರು ಗುರುಗಳು.