ಬೇಯದ ಬೇಳೆ, ಕುಂಟಿದ ಆನೆ

ನನ್ನ ಮಾತು ನಂಬದವರು ಚಿಮ್ಮನಗಡದ ಪಟ್ಟದಾನೆಯನ್ನು ಕೇಳಬಹುದಿತ್ತು. ಅದು ಸತ್ತುಹೋಯಿತು. ಈಗ ಸಾಕ್ಷಿ ನಾನೊಬ್ಬನೇ.

ಒಂದು ದಿನ ಅಲ್ಲಿನ ದೊರೆ ಅಡುಗೆಮನೆಗೆ ನುಗ್ಗಿದರು. ಹೊಸದಾಗಿ ಕೆಲಸಕ್ಕೆ ಸೇರಿದ ಮೂವತ್ತು ಜನ ಹಳೆಯ ಅಡುಗೆಯವಳು ಹೊನ್ನವ್ವನ ಸುತ್ತ ಕೂತು, ಅವಳು ಹೋಳಿಗೆ ತಟ್ಟುವುದನ್ನೇ ನೋಡುತ್ತಿದ್ದರು.

“ಸಂಬಳ ತಿಂದು ಬಾಯಿ ಬಿಟ್ಟುಕೊಂಡು ಕೂರುವುದೇ?” ದೊರೆ ಗುಡುಗಿದರು. “ನಾಳೆಯಿಂದ ಪಂಡಿತರು ಪಾಠ ಹೇಳಲಿ. ಮುದುಕಿ ಮನೆಗೆ ಹೋಗಲಿ!”

ಪಂಡಿತರು ಹೋಳಿಗೆಗೆ ಮುನ್ನೂರು ಸೂತ್ರ ಬರೆದರು. ತಿಂಗಳಲ್ಲಿ ಎಲ್ಲರಿಗೂ ಬಾಯಿಪಾಠ. ಹೋಳಿಗೆ ಎಂಥದ್ದು ಅಂತೀರಿ? ಸೇನಾಪತಿ ಅದನ್ನೇ ಗುರಾಣಿ ಮಾಡಿಕೊಂಡು ಎರಡು ಯುದ್ಧ ಗೆದ್ದ.

ಇಡೀ ಆಸ್ಥಾನದಲ್ಲಿ ಧೈರ್ಯ ಇದ್ದವನು ಒಬ್ಬನೇ, ಈ ಬಸಲಿಂಗ. “ಪ್ರಭು, ಹೊನ್ನವ್ವನನ್ನು ಕರೆಸಿ. ಇದು ನೋಡಿ ಕಲಿಯುವ ಕೆಲಸ” ಅಂದೆ.

“ಹೇಳಿಕೊಡದೆ ಯಾರಾದರೂ ಕಲಿಯುತ್ತಾರೇನೋ? ನಾಳೆ ಸಂಜೆಯೊಳಗೆ ಒಂದು ಮಾತೂ ಆಡದೆ ನನ್ನ ಜನಕ್ಕೆ ಏನಾದರೂ ಕಲಿಸು. ಆಗದಿದ್ದರೆ ಅವಳ ಜೊತೆ ನೀನೂ ಗಡಿ ದಾಟು!”

ಮನೆಗೆ ಹೋಗಿ ಸುದ್ದಿ ಹೇಳಿದಾಗ ಹೊನ್ನವ್ವ ಹಣೆ ಚಚ್ಚಿಕೊಂಡಳು. “ಲೋ ಬಸಲಿಂಗ, ನೀನು ಅರ್ಧ ಗಳಿಗೆಯಾದರೂ ಬಾಯಿ ಮುಚ್ಚಿಕೊಂಡು ಇದ್ದೀಯೇನೋ?”

“ನೋಡ್ತಿರವ್ವ” ಅಂದೆ.

ಪಂಡಿತರ ಶಿಷ್ಯರು ಮೂರು ದಿನ ಬೇಯಿಸಿದ್ದ ಕಡಲೆಬೇಳೆಯಲ್ಲಿ ಒಂದೇ ಒಂದನ್ನು ತಂದು ದೊರೆಯ ಎಡಗಾಲಿನ ಜೋಡಿನೊಳಗೆ ಹಾಕಿದೆ.

ಬೆಳಿಗ್ಗೆ ದೊರೆ ಕುಂಟುತ್ತಾ ದರ್ಬಾರಿಗೆ ಬಂದರು. ದೊರೆಯಾದವರು ನಾಲ್ಕು ಜನರೆದುರು ಬಗ್ಗಿ ಜೋಡು ಬಿಚ್ಚುವಂತಿಲ್ಲ, ಅದು ಆ ಮನೆತನದ ಪದ್ಧತಿ. ಮಂತ್ರಿ ನೋಡಿದ, ಕುಂಟಿದ. ಮಂತ್ರಿಯನ್ನು ನೋಡಿ ಸೇನಾಪತಿ, ಸೇನಾಪತಿಯನ್ನು ನೋಡಿ ಸೈನ್ಯ. ಮಧ್ಯಾಹ್ನಕ್ಕೆ ಪಂಡಿತರು ಮೂವತ್ತೂ ಶಿಷ್ಯರ ಸಮೇತ ಕುಂಟಿದರು. ಸಂಜೆಗೆ ಪಟ್ಟದಾನೆಯೂ ಎಡಗಾಲು ಎಳೆಯುತ್ತಾ ಬಂತು.

ದೊರೆ ಬೆಚ್ಚಿದರು. “ಏನಿದು? ಪಂಡಿತರೇ, ಕುಂಟುವುದಕ್ಕೆ ಯಾವ ಸೂತ್ರ?”

“ಸೂತ್ರ ಎಲ್ಲಿದೆ ಪ್ರಭು? ನೋಡಿ ಕಲಿತೆವು” ಎಂದ ಪಂಡಿತರು ನಾಲಿಗೆ ಕಚ್ಚಿಕೊಂಡರು.

ಹೊತ್ತು ಮುಳುಗಿತು. ಆಗ ನಾನು ಬಾಯಿ ಬಿಟ್ಟೆ. “ಗುರುಗಳು ತಾವೇ, ಪ್ರಭು. ಪಾಠ ಜೋಡಿನೊಳಗಿದೆ.”

ದೊರೆ ಪದ್ಧತಿ ಮರೆತು ಜೋಡು ಕೊಡವಿದರು. “ಇದ್ಯಾವ ಕಲ್ಲು?”

“ಕಲ್ಲಲ್ಲ. ಮುನ್ನೂರು ಸೂತ್ರದ ಪ್ರಕಾರ ಬೆಂದ ಬೇಳೆ.”

ದೊರೆ ನಕ್ಕರು. ಅವರನ್ನು ನೋಡಿ ಊರೆಲ್ಲ ನಕ್ಕಿತು. ಹೊನ್ನವ್ವ ಮರುದಿನವೇ ಒಲೆ ಮುಂದೆ ಕೂತಳು. ಪಂಡಿತರು ಅವಳೆದುರು ಮೊದಲ ಸಾಲಿನಲ್ಲಿ, ಬಾಯಿ ಬಿಟ್ಟುಕೊಂಡು.

ಈಗಲೂ ನಾನು ಎಡಗಾಲು ಎಳೆದೇ ನಡೆಯುವುದು. ಮೊಮ್ಮಕ್ಕಳು ವಯಸ್ಸಾಯಿತು ಅನ್ನುತ್ತವೆ. ಎಲ್ಲಿಯ ವಯಸ್ಸು! ಆ ಆನೆಯನ್ನು ನೋಡಿ ಕಲಿತದ್ದು.