ಕಾಲುವೆಯ ನೀರಿನ ಮೇಲೆ ಮುನಿದ ಮನೆ

ಆಮ್‌ಸ್ಟರ್‌ಡ್ಯಾಮಿನ ಹಳೇ ಪೇಟೆಯಲ್ಲಿ, ಕಾಲುವೆಯ ದಡದಲ್ಲಿ, ಮುನ್ನೂರು ವರ್ಷದ ಒಂದು ಇಟ್ಟಿಗೆ ಮನೆಯಿತ್ತು. ಅದಕ್ಕೆ ಎದುರಿನ ನೀರನ್ನು ಕಂಡರಾಗದು.

"ದಿನವೂ ನನ್ನನ್ನು ಸೊಟ್ಟಗೆ ತೋರಿಸುತ್ತೀಯೆ. ಇಲ್ಲಿಂದ ತೊಲಗಬಾರದೆ?" ಎಂದಿತು ಮನೆ.

"ತಾವು ನಿಂತ ಹಾಗೆಯೇ ತೋರಿಸುತ್ತೇನೆ. ಬೇಡವಾದರೆ ಹೋಗುತ್ತೇನೆ" ಎಂದಿತು ನೀರು.

ನಾಲ್ಕು ವರ್ಷ ಮಳೆ ಕೈಕೊಟ್ಟು ನೀರು ಇಳಿಯುತ್ತಾ ಹೋಯಿತು. ಮನೆ ಹಿಗ್ಗಿತು. ಐದನೆಯ ವರ್ಷ ಅದರ ಗೋಡೆ ಬಿರುಕುಬಿಟ್ಟಿತು, ಬಾಗಿಲು ಮುಚ್ಚದಾಯಿತು. ಮನೆಯೊಡತಿ ಹೆಂಡ್ರಿಕಾ ಕರೆಸಿದ ಮೇಸ್ತ್ರಿ ಯೋಪ್ ಬಂದು ಪಾಯ ಅಗೆದು ನೋಡಿದ.

"ಅಮ್ಮಾ, ಈ ಮನೆ ನಿಂತಿರುವುದು ಕೆಸರಿನಲ್ಲಿ ಹೂತ ಮರದ ಕಂಬಗಳ ಮೇಲೆ. ನೀರಿನಲ್ಲಿ ಮುಳುಗಿರುವ ತನಕ ಅವು ಕೊಳೆಯುವುದಿಲ್ಲ. ಈಗ ಗಾಳಿ ತಾಗಿ ಮೆತ್ತಗಾಗುತ್ತಿವೆ. ನೀರು ಬಾರದಿದ್ದರೆ ಮನೆಯ ಆಸೆ ಬಿಡಿ" ಎಂದ.

ಆ ಮಾತು ಕೇಳಿದ ಮನೆ ಮೂರು ವಾರ ಮೋಡಗಳನ್ನೇ ನೋಡುತ್ತಾ ನಿಂತಿತು. ಕೊನೆಗೂ ಮಳೆ ಸುರಿದು ಕಾಲುವೆ ತುಂಬಿತು.

"ತಾವು ಮೊದಲಿಗಿಂತ ತುಸು ಹೆಚ್ಚೇ ವಾಲಿದ್ದೀರಿ. ತೋರಿಸಲೋ, ಬೇಡವೋ?" ಎಂದು ಕೇಳಿತು ನೀರು.

ಮನೆ ಕೆಳಗೆ ನೋಡಿಕೊಂಡು ಹೇಳಿತು: "ತೋರಿಸಪ್ಪಾ. ನನಗೆ ಈ ಸೊಟ್ಟವೇ ಒಪ್ಪುತ್ತದೆ."